ಆದಾಯ ಎಷ್ಟು? ಮೊದಲು ಕೇಳೋರು ಯಾರು ಹೇಳಿ!

ಭಾರತೀಯರು ಗಳಿಸುವುದಕ್ಕಿಂತ ಹೆಚ್ಚು ಖರ್ಚು ಮಾಡುತ್ತಾರೆ, ಮೇಲೆ ಉಳಿತಾಯವನ್ನೂ ಮಾಡುತ್ತಾರೆ. ಇದು ಪವಾಡವಲ್ಲ, ಸರ್ಕಾರಿ ಲೆಕ್ಕ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 1960ರ ದಶಕದಲ್ಲಿ ಮನೆಮನೆಯ ಆದಾಯ ಬರೆದುಕೊಂಡು ಬಂದು ಕೂಡಿಸಿದರೆ, ಖರ್ಚು-ಉಳಿತಾಯದ ಮೊತ್ತವೇ ಆದಾಯವನ್ನು ಮೀರಿತ್ತು. ಆ ಸಾಹಸ ಅಲ್ಲಿಗೇ ನಿಂತಿತು. ‘ಎಷ್ಟು ಗಳಿಸಿದಿರಿ’ ಎನ್ನುವ ಬದಲು ‘ಏನು ತಿಂದಿರಿ’ ಎಂದು ಕೇಳುವುದೇ ಕ್ಷೇಮವೆನಿಸಿತು.

2025ರಲ್ಲಿ ಮತ್ತೆ ಧೈರ್ಯ ಮಾಡಿ, ಹೊಸ ಆದಾಯ ಸಮೀಕ್ಷೆಯ ಪ್ರಶ್ನೆಗಳನ್ನು ಜನರ ಮುಂದಿಟ್ಟು ನೋಡಿದರು. ಶೇ 95 ಮಂದಿಗೆ ಅವು ‘ಸೂಕ್ಷ್ಮ’ ಎನಿಸಿದವು. ತೆರಿಗೆ ಎಷ್ಟು ಕಟ್ಟಿದಿರಿ ಎಂದಾಗಲಂತೂ ಬಹುತೇಕರು ಬಾಯಿಗೆ ಬೀಗ ಹಾಕಿಕೊಂಡರು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಮಂಡಿನೋವಿನಿಂದ ಹಿಡಿದು ಸೊಸೆಯ ಗುಣದವರೆಗೆ ಎಲ್ಲವನ್ನೂ ಒಪ್ಪಿಸುವ ಜನ ನಾವು. ಸೂಕ್ಷ್ಮವೇನಿದ್ದರೂ ಜೇಬಿನ ವಿಷಯದಲ್ಲಿ.

ಅಮೆರಿಕದ ಅರ್ಥಶಾಸ್ತ್ರಜ್ಞರಾದ ಜಾನ್ ಬೌಂಡ್ ಮತ್ತು ಅಲನ್ ಕ್ರೂಗರ್, ಜನ ಬಾಯಲ್ಲಿ ಹೇಳಿದ ಸಂಬಳವನ್ನು ಸಾಮಾಜಿಕ ಭದ್ರತೆಯ ದಾಖಲೆಗಳೊಂದಿಗೆ ತಾಳೆ ನೋಡಿ 1991ರಲ್ಲಿ ಪ್ರಬಂಧ ಬರೆದರು. ಕಡಿಮೆ ದುಡಿಯುವವರು ಒಂದಿಷ್ಟು ಏರಿಸಿ, ಹೆಚ್ಚು ದುಡಿಯುವವರು ಇಳಿಸಿ ಹೇಳುವುದು ಕಂಡುಬಂತು. ಕಡತ ನಿಜ, ಬಾಯಿ ತಪ್ಪು. ಪುಣ್ಯವಂತರು!

ನಮ್ಮಲ್ಲಿ ತಾಳೆ ನೋಡುವುದು ಯಾವ ಕಡತಕ್ಕೆ? ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಆದಾಯ ಮಿತಿ ವರ್ಷಕ್ಕೆ 1.20 ಲಕ್ಷ ರೂಪಾಯಿ. ಯಜಮಾನರ ಆದಾಯ ಪ್ರಮಾಣಪತ್ರ ಅದಕ್ಕಿಂತ ಗುಲಗಂಜಿಯಷ್ಟು ಕಡಿಮೆ. ಮಗನಿಗೆ ಸೀಟು ಬೇಕಾದಾಗ ಆದಾಯ ಕೆನೆಪದರದ 8 ಲಕ್ಷದ ಗೆರೆಯಡಿ ತಲೆಬಗ್ಗಿಸಿ ನಿಲ್ಲುತ್ತದೆ. ಗೃಹಸಾಲಕ್ಕೆ ಬ್ಯಾಂಕಿಗೆ ಹೋದರೆ ಎದೆಯುಬ್ಬಿಸುತ್ತದೆ. ಹೆಣ್ಣು ನೋಡಲು ಹೋದಾಗ ಕೇಳಲೇಬೇಡಿ. ಆದಾಯ ತೆರಿಗೆಯವರು ಬಂದರೋ, ಅಷ್ಟೂ ಕೃಷಿ ಆದಾಯ! ತೆರಿಗೆಯಿಲ್ಲದ ಆ ಹೊಲದಲ್ಲಿ ಮಳೆ ಕೈಕೊಟ್ಟರೂ ಬೆಳೆ ಕೈಕೊಡುವುದಿಲ್ಲ.

ಹೇಳಿಕೆ, ದಾಖಲೆ ಎರಡೂ ಒಂದೇ ಆಗಿರುವುದು ಫಾರ್ಮ್ 16 ಹಿಡಿದ ಸಂಬಳದಾರರದು ಮಾತ್ರ. ಅದು ಪ್ರಾಮಾಣಿಕತೆಯಲ್ಲ, ಸುಳ್ಳಾಡುವ ಮುನ್ನವೇ ತೆರಿಗೆ ಕಡಿತವಾಗಿರುತ್ತದೆ.

ಇನ್ನು, ನಿಜಕ್ಕೂ ಆ 1.20 ಲಕ್ಷ ಮುಟ್ಟದ ಕೂಲಿಯಾಕೆ. ‘ಇಷ್ಟೇ ಬರೋದು ಸ್ವಾಮಿ’ ಎಂದು ಇದ್ದದ್ದನ್ನು ಇದ್ದಂತೆ ಹೇಳುತ್ತಾಳೆ. ಕಿಟಕಿಯಾಚೆ ಕೂತವರಿಗೆ ಅನುಮಾನ ಬರುವುದು ಅವಳ ಮೇಲೆಯೇ: ‘ಪುರಾವೆ ಎಲ್ಲಮ್ಮಾ?’