ಸಾಹೇಬ್ರ, ಕಾಲ್ ನೋಡ್ರಿ

ನವೆಂಬರ್ 14 ವಿಶ್ವ ಮಧುಮೇಹ ದಿನ; ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬನಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನ. ಪುಣ್ಯಾತ್ಮ ನಮ್ಮ ಕಡೆಯ ಹಂಗಾಮು ನೋಡಿಕೊಂಡು ಹುಟ್ಟಲಿಲ್ಲ. ಅಷ್ಟು ಹೊತ್ತಿಗೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಕಬ್ಬು ನುರಿಸುವ ಗದ್ದಲ. ಉಗಾರದ ಹಳೇ ಕಾರ್ಖಾನೆಯಿಂದ ಹಿಡಿದು ಚಿಕ್ಕೋಡಿಯ ದೂಧಗಂಗಾ, ನಿಪ್ಪಾಣಿಯ ಹಾಲಸಿದ್ಧನಾಥದವರೆಗೆ ಎಲ್ಲ ಚಿಮಣಿಗೂ ಪುರುಸೊತ್ತಿಲ್ಲ. ಎರಡೆರಡು ಟ್ರೇಲರ್ ಎಳೆಯುತ್ತ, ಕಿವಿ ಹರಿಯುವಂತೆ ಹಾಡು ಹಚ್ಚಿಕೊಂಡು ಹೋಗುವ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಹಾಕಿಕೊಂಡು ಶುಗರ್ ಚೆಕ್ ಮಾಡಿಸಲು ಹೋಗುವ ಭಾಗ್ಯ ನಮಗಲ್ಲದೆ ಇನ್ನಾರಿಗೆ?

ನಾನು ಕಾರ್ಖಾನೆಯ ಷೇರುದಾರನೂ ಹೌದು, ಶುಗರ್ ಪೇಶಂಟೂ ಹೌದು. ಷೇರಿಗೆ ರಿಯಾಯಿತಿ ದರದ ಸಕ್ಕರೆ ಬರುತ್ತದೆ. ಚೀಲ ಹೊತ್ತು ತರುವುದು ನಾನು, ಡಬ್ಬಿಯ ಕೀಲಿ ನಮ್ಮಾಕೆಯ ಹತ್ತಿರ. ಬೀಗರ ಮನೆಗೆ ಹೋದರೆ ಇನ್ನೊಂದು ಕಥೆ. "ಸಕ್ಕರಿ ಬ್ಯಾಡ್ರಿ ಕಾಕಾ, ಬೆಲ್ಲ ನಡೀತೈತಿ" ಎಂದು ಹೂರಣದ ಹೋಳಿಗೆ ಬಡಿಸಿ, ಮೇಲೆ ತುಪ್ಪ ಸುರಿಯುತ್ತಾರೆ. ರಕ್ತಕ್ಕೆ ಬೆಲ್ಲವೂ ಒಂದೇ, ಸಕ್ಕರೆಯೂ ಒಂದೇ ಎಂದರೆ, ಹೋಳಿಗೆಗೆ ಹೆಸರಿಡುತ್ತಾನೆ ಎಂದು ಮುನಿಸು.

ದವಾಖಾನೆಯಲ್ಲಿ "ಖಾಲಿ ಹೊಟ್ಟೀಲೆ ಬರ್ರಿ" ಅನ್ನುತ್ತಾರೆ. ನಾವು ಹಾಗೆಯೇ ಹೋಗಿ ಬಾಗಿಲು ಕಾಯುತ್ತೇವೆ. ಬೀಗ ತೆಗೆಯುವಾತ ಮಾತ್ರ ನಾಷ್ಟಾ ಮುಗಿಸಿಯೇ ಬರುತ್ತಾನೆ. ಪಥ್ಯದ ಹಾಳೆ ಕೊಡುತ್ತಾರೆ, ಇಂಗ್ಲಿಷಿನಲ್ಲಿ. ಗಡಿ ದಾಟಿ ಮಿರಜಿಗೆ ಹೋದವರಿಗೆ ಮರಾಠಿಯಲ್ಲಿ ಹೇಳಿ ಕಳಿಸುತ್ತಾರೆ. ನನಗೆ ಸಿಕ್ಕ ಹಾಳೆಯಲ್ಲಿ ಓಟ್ಸ್ ಇತ್ತು, ಆಲಿವ್ ಎಣ್ಣೆ ಇತ್ತು. ಜೋಳದ ರೊಟ್ಟಿ ಎಷ್ಟು ತಿನ್ನಬೇಕು, ಹಬ್ಬದ ಮಾದಲಿಗೆ ಏನು ಗತಿ, ಅದರ ಸುದ್ದಿಯೇ ಇಲ್ಲ.

ಇದೆಲ್ಲ ಹೋಗಲಿ. ನನ್ನ ದೊಡ್ಡ ತಕರಾರು ಕಾಲಿನದು. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಮಹಾರಾಷ್ಟ್ರದ 4 ಜಿಲ್ಲೆಗಳಿಗೆ, ಕರ್ನಾಟಕದ 4 ಜಿಲ್ಲೆಗಳಿಗೆ ಸೇರಿದ್ದು. ನಮ್ಮ ಅಥಣಿ, ನಿಪ್ಪಾಣಿಯ ಚಮ್ಮಾರರ ಕೈಚಳಕವೂ ಅದರಲ್ಲಿದೆ. ಹೊಸ ಜೋಡು ಎಣ್ಣೆ ಕುಡಿದು ಮೆತ್ತಗಾಗುವವರೆಗೆ ಕಚ್ಚುತ್ತದೆ, ಅದು ಅದರ ಸ್ವಭಾವ. ಕಚ್ಚಿದಾಗ "ಅಯ್ಯಯ್ಯೋ" ಅನ್ನುವವನು ಬಚಾವು. ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಪಾದದ ನರಗಳು ಮಂದವಾಗುತ್ತವೆ. ಚಪ್ಪಲಿ ಕಚ್ಚಿದ್ದೂ ತಿಳಿಯುವುದಿಲ್ಲ, ಕಬ್ಬಿನ ಕೂಳೆ ಚುಚ್ಚಿದ್ದೂ ತಿಳಿಯುವುದಿಲ್ಲ. ಕಾಲಿಗೆ ರಕ್ತ ಹರಿಯುವುದೂ ಕಡಿಮೆಯಾಗಿದ್ದರೆ ಗಾಯ ಮಾಯುವುದೂ ಇಲ್ಲ. ಬೊಬ್ಬೆ ಹುಣ್ಣಾಗಿ, ಹುಣ್ಣು ಕೀವಾಗಿ, ಕಡೆಗೆ ಬೆರಳು ತೆಗೆಸಿಕೊಂಡವರು ನಮ್ಮ ಓಣಿಯಲ್ಲೇ ಇದ್ದಾರೆ.

ಇದನ್ನು ಮೊದಲೇ ಹಿಡಿಯಲು ದೊಡ್ಡ ಮಶೀನು ಬೇಕಿಲ್ಲ. ಒಂದು ನೈಲಾನ್ ಎಳೆ ಸಾಕು. ಪಾದಕ್ಕೆ ಒತ್ತಿದರೆ 10 ಗ್ರಾಂ ಭಾರಕ್ಕೆ ಬಾಗುತ್ತದೆ. ಅಷ್ಟೂ ತಿಳಿಯದಿದ್ದರೆ ಹುಷಾರಾಗಬೇಕು. ವರ್ಷಕ್ಕೊಮ್ಮೆಯಾದರೂ ನೋಡಬೇಕಾದ ಪರೀಕ್ಷೆ. ಆದರೆ ನಾವು ಹೋಗುತ್ತಿದ್ದ ಕಡೆ "ಪಾದರಕ್ಷೆ ಹೊರಗೆ ಬಿಡಿ" ಎಂಬ ಫಲಕವೇನೋ ಇತ್ತು, ಬರಿಗಾಲಲ್ಲಿ ಒಳಗೆ ಹೋದವರ ಪಾದ ನೋಡುವವರು ಇರಲಿಲ್ಲ. ರಿಪೋರ್ಟ್ ನೋಡುವರು, ಗುಳಿಗೆ ಬರೆಯುವರು, ಮುಂದಿನವರನ್ನು ಕರೆಯುವರು.

ಕಟ್ಟೆಯ ಮೇಲೆ ಕೂಡುವ ಸಕ್ಕರೆ ಬಂಧುಗಳೆಲ್ಲ ಸೇರಿ ಅರ್ಜಿ ಬರೆದೆವು: ಕಾಲು ನೋಡಬೇಕು, ಪಥ್ಯ ಕನ್ನಡದಲ್ಲಿ ಹೇಳಬೇಕು, ರಕ್ತ ತೆಗೆಯುವ ಹೊತ್ತನ್ನು ಬಾಗಿಲ ಮೇಲೆ ಬರೆದು ಅದೇ ಹೊತ್ತಿಗೆ ತೆಗೆಯಬೇಕು. ಹೊಸದಾಗಿ ಬಂದ ಹುಡುಗ ಡಾಕ್ಟರ್ ಓದಿ, "ಕಾಲಿಂದ ಸುರು ಮಾಡೂಣ್ರಿ" ಅಂದರು.

ಮೊದಲಿಗೆ ನಮ್ಮ ಪೈಕಿ ಹಿರಿಯರೊಬ್ಬರನ್ನು ಮುಂದೆ ಮಾಡಿದೆವು. ಡಾಕ್ಟರ್ ಬಾಗಿ ಪಾದಕ್ಕೆ ಕೈಹಾಕಿದ್ದೇ ತಡ, ಅಜ್ಜಾರು ಅವರ ತಲೆಯ ಮೇಲೆ ಕೈಯಿಟ್ಟು "ನೂರು ವರ್ಷ ಬಾಳಪಾ" ಎಂದು ಹರಸಿದರು. ಕಣ್ಣು ಮುಚ್ಚಿಸಿ, ಎಳೆ ತಾಗಿದಾಗ ಹೇಳಬೇಕೆಂದು ವಿವರಿಸಿದ್ದಾಯಿತು.

"ತಿಳೀತ್ರಿ ಅಜ್ಜಾರ?"

"ಹೂಂ ಸಾಹೇಬ್ರ, ಛಂದ ತಿಳೀತ್ರಿ."

ಡಾಕ್ಟರ್ ಇನ್ನೂ ಎಳೆಯನ್ನು ಡಬ್ಬಿಯಿಂದ ತೆಗೆದೇ ಇರಲಿಲ್ಲ.