ಐದು ಮಿಲಿಮೀಟರ್ ಗರಿಕೆ

ನಮ್ಮ ಅಪ್ಪ ಜೀವಮಾನವಿಡೀ ಗರಿಕೆ ಕಿತ್ತರು. ಕಾಫಿ ನರ್ಸರಿ, ಗದ್ದೆಯ ಬದು, ಅಂಗಳದ ಕಲ್ಲು ಸಂದಿ, ಎಲ್ಲೇ ಅದರ ಗೆಣ್ಣು ಕಂಡರೂ ಗುದ್ದಲಿ ತರಿಸುತ್ತಿದ್ದರು. "ಒಂದು ಗೆಣ್ಣು ಉಳಿದ್ರೂ ವಂಶ ಉಳಿದಂಗೆ" ಎನ್ನುತ್ತಿದ್ದರು. ಅವರ ಮಗನಾದ ನಾನು ನಾಲ್ಕು ವರ್ಷದಿಂದ ಅದೇ ಗರಿಕೆಗೆ ನೀರು, ಗೊಬ್ಬರ, ಮರಳು, ಔಷಧಿ ಕೊಡಿಸುತ್ತಾ, ದಿನಾ ಬೆಳಿಗ್ಗೆ ಹೋಗಿ ಮೈ ಮುಟ್ಟಿ ಜ್ವರ ನೋಡಿ ಬರುತ್ತಿದ್ದೇನೆ. ಅದೂ ಪುಕ್ಕಟೆ.

ಆದದ್ದಿಷ್ಟು. ಮಲೆನಾಡಿನ ನಮ್ಮ ಬೆಳೆಗಾರರ ಕ್ಲಬ್ಬಿಗೆ ಒಂಬತ್ತು ಹೋಲಿನ ಗಾಲ್ಫ್ ಕೋರ್ಸ್ ಇದೆ. ಬಾರ್ ಕೌಂಟರಿನ ಪಕ್ಕ ಒಂದು ಕಂಪ್ಲೇಂಟ್ ಬುಕ್ ಕೂಡ ಇದೆ. ಆ ಪುಸ್ತಕದ ಅರ್ಧಕ್ಕಿಂತ ಹೆಚ್ಚು ನನ್ನದೇ ಕೃತಿ. ಮೂರನೇ ಗ್ರೀನಿನಲ್ಲಿ ಹುಲ್ಲಿಲ್ಲ, ಏಳನೇ ಗ್ರೀನಿನಲ್ಲಿ ಹುಲ್ಲು ಜಾಸ್ತಿ, ಬಂಕರಿನಲ್ಲಿ ಮರಳಿಗಿಂತ ಕಲ್ಲೇ ಹೆಚ್ಚು, ಹೀಗೆ ವರ್ಷಗಟ್ಟಲೆ ಬರೆದೆ. ಕೊನೆಗೆ ಒಂದು ವಾರ್ಷಿಕ ಸಭೆಯಲ್ಲಿ ಯಾರೋ ಪುಣ್ಯಾತ್ಮರು ಎದ್ದುನಿಂತು, "ಇಷ್ಟು ಕಾಳಜಿ ಇರೋರೇ ಗ್ರೀನ್ ಕಮಿಟಿ ನೋಡ್ಕೊಳ್ಳಲಿ" ಎಂದರು. ಚಪ್ಪಾಳೆ ಬಿತ್ತು. ನಾನು ಸನ್ಮಾನ ಅಂದುಕೊಂಡೆ.

ಸೆಕ್ರೆಟರಿ ಕೊಟ್ಟ ಫೈಲಿನಲ್ಲಿ 'ಬರ್ಮುಡಾ ಗ್ರಾಸ್' ಎಂದಿತ್ತು. ಅದೇನು ಮಹಾ ಹುಲ್ಲೋ ಎಂದು ಮೇಸ್ತ್ರಿಯ ಜೊತೆ ಐದನೇ ಗ್ರೀನಿಗೆ ಹೋದೆ. ಅವನು ಬಗ್ಗಿ ಒಂದು ಎಳೆ ಕಿತ್ತು ನನ್ನ ಕೈಗಿಟ್ಟು, "ಗರ್ಕೆ ಸಾರ್. ಅಮೆರಿಕಕ್ಕೆ ಹೋಗಿ ಓದ್ಕಂಡ್ ಬಂದಿರೋದು" ಎಂದ. ಸುಳ್ಳೇನಲ್ಲ. ನಮ್ಮ ಗರಿಕೆಗೂ ಅದರ ಆಫ್ರಿಕಾದ ದಾಯಾದಿಗೂ ಸಂಬಂಧ ಕುದುರಿಸಿ, ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನಲ್ಲಿ ತೆಗೆದ ತಳಿಗಳೇ ಇವತ್ತು ಬಿಸಿಲ ಸೀಮೆಯ ಎಷ್ಟೋ ಗಾಲ್ಫ್ ಗ್ರೀನುಗಳಲ್ಲಿ ಮಲಗಿರುವುದು. ಅದರ ಕುಳ್ಳ ಸಂತಾನ ಟಿಫ್‌ಡ್ವಾರ್ಫ್ 1965ರಲ್ಲಿ ಬಂತು. ಊರ ಗರಿಕೆಯನ್ನು ಐದು ಮಿಲಿಮೀಟರಿಗೆ ಕತ್ತರಿಸಿದರೆ ಪ್ರಾಣ ಬಿಡುತ್ತದೆ. ಇದು ದಿನಾ ಕತ್ತರಿಸಿಕೊಂಡೂ ಬದುಕುತ್ತದೆ. ಅಪ್ಪನಿಗೆ ಇದು ಗೊತ್ತಾಗಿದ್ದರೆ ಜಾರ್ಜಿಯಾಕ್ಕೇ ಗುದ್ದಲಿ ಕಳಿಸುತ್ತಿದ್ದರು.

ಅಪ್ಪನ ಕಾಲದಲ್ಲಿ ಈ ರಗಳೆ ಇರಲಿಲ್ಲ. ಆಗ ಗ್ರೀನುಗಳೇ ಇರಲಿಲ್ಲ, ಬ್ರೌನುಗಳಿದ್ದವು. ಕುಳಿಯ ಸುತ್ತ ಮರಳು ಹಾಸಿ, ಗಾಡಿಯಿಂದ ಇಳಿಸಿದ ಹಳೇ ಆಯಿಲ್ ಬೆರೆಸಿ, ರೋಲರ್ ಉರುಳಿಸಿದರೆ ಮುಗಿಯಿತು. ಆಟ ಮುಗಿದ ಮೇಲೆ ಹುಡುಗನೊಬ್ಬ ಗೋಣಿತಾಟು ಎಳೆದುಕೊಂಡು ಸುತ್ತು ಬಂದರೆ ಹೆಜ್ಜೆಗುರುತು ಮಾಯ. ಮಳೆಗಾಲ, ಬೇಸಿಗೆ ಎಲ್ಲಾ ಒಂದೇ ಬಣ್ಣ. ರೋಗವಿಲ್ಲ, ಹಸಿವಿಲ್ಲ, ಬಾಯಾರಿಕೆಯಿಲ್ಲ. ಹಳಬರು ಮೂರನೇ ಪೆಗ್ಗಿನ ಹೊತ್ತಿಗೆ ಆ ಬ್ರೌನುಗಳನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾರೆ. ಈಗೀಗ ನಾನೂ.

ಹೊಸಬರಿಗೆ ಮಾತ್ರ ಟಿವಿಯ ಹುಚ್ಚು. ಪ್ರತಿ ಏಪ್ರಿಲ್‌ನಲ್ಲಿ ಆಗಸ್ಟಾದ ಮಾಸ್ಟರ್ಸ್ ಪಂದ್ಯ ನೋಡಿದ ಮರುದಿನವೇ ಬಂದು, "ಸಾರ್, ನಮ್ಮದೂ ಹಂಗೆ ಯಾಕಿರಬಾರದು?" ಎನ್ನುತ್ತಾರೆ. ಅಲ್ಲಿ ಏಪ್ರಿಲ್‌ನಲ್ಲಿ ಕಣ್ಣು ಕುಕ್ಕುವ ಹಸಿರು ಗರಿಕೆಯದಲ್ಲ. ಚಳಿಗೆ ಗರಿಕೆ ಮುಸುಕೆಳೆದು ಮಲಗಿದ ಮೇಲೆ ಅದರ ಮೇಲೆ ಬಿತ್ತಿದ ರೈ ಹುಲ್ಲು ಅದು. ಗ್ರೀನಿನ ಅಡಿಯಲ್ಲಿ ನೀರು, ಗಾಳಿ ಎಳೆಯುವ ಪೈಪುಗಳಿವೆ. ಬೇಸಿಗೆ ಪೂರ್ತಿ ಕ್ಲಬ್ಬಿಗೇ ಬೀಗ. ಎರಡನೇ ಮಹಾಯುದ್ಧದಲ್ಲಿ ಆಟ ನಿಂತಾಗ ಅಲ್ಲಿಯೂ ದನ ಮೇಯಿಸಿದ್ದರಂತೆ ಎಂದು ನಾನು ಹೇಳಿದರೆ, "ನಮ್ಮಲ್ಲಿ ಈಗಲೂ ಮೇಯ್ತಾ ಇವೆಯಲ್ಲ" ಎಂಬ ಉತ್ತರ ಬರುತ್ತದೆ. ಮತ್ತೇನು ಹೇಳಲಿ? ಅವರದು ಆಗಸ್ಟಾ. ನಮ್ಮದು ಆಗಸ್ಟ್.

ಆಗಸ್ಟ್ ಅಂದರೆ ಏನೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ನಮ್ಮ ಕಡೆ ಬೆಳೆಗಾರರು ಮಳೆಯನ್ನು ಇಂಚು, ಸೆಂಟಿನಲ್ಲಿ ಅಳೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಮಾರ್ಚಿನಲ್ಲಿ ಹೂಮಳೆ ಎಂಬತ್ತು ಸೆಂಟ್ ಬಿದ್ದರೆ ಊರೆಲ್ಲಾ ಫೋನ್ ಮಾಡಿ ಸಂಭ್ರಮಿಸುವ ಜನ, ಪುನರ್ವಸು, ಪುಷ್ಯ ಮಳೆ ಹಿಡಿದ ಮೇಲೆ ಸೆಂಟಿನ ಸುದ್ದಿಯನ್ನೇ ಬಿಟ್ಟುಬಿಡುತ್ತಾರೆ. ಗರಿಕೆಗೆ ಬೇಕಾದದ್ದು ಬಿಸಿಲು. ಅದು ವಾರಗಟ್ಟಲೆ ಕಾಣಿಸುವುದಿಲ್ಲ. ಹುಲ್ಲು ಬೆಳ್ಳಗಾಗಿ, ತೆಳ್ಳಗಾಗಿ, ಖಾಲಿ ಬಿಟ್ಟ ಜಾಗಕ್ಕೆಲ್ಲ ಪಾಚಿ ಬಂದು ಕೂರುತ್ತದೆ. ದೂರದಿಂದ ನೋಡಿದರೆ ಗ್ರೀನ್ ಹಸಿರಾಗಿಯೇ ಇರುತ್ತದೆ. ಅಷ್ಟೇ ನಂಬಿಕೊಂಡು ಅದರ ಮೇಲೆ ಕಾಲಿಟ್ಟ ನಮ್ಮ ನಿವೃತ್ತ ಕರ್ನಲ್ ಸಾಹೇಬರು ಕುಳಿಯವರೆಗೂ ಕೂತೇ ಹೋದರು. ಚೆಂಡು ಮಾತ್ರ ಹೋಗಲಿಲ್ಲ.

ಮೊವರ್ ಇಳಿಸಿದರೆ ಚಕ್ರ ಹೂತುಕೊಳ್ಳುತ್ತದೆ. ಇಳಿಸದಿದ್ದರೆ ಅಂಚಿನ ಹುಲ್ಲು ಮೊಣಕಾಲಿಗೆ ಬರುತ್ತದೆ. ಅದರಲ್ಲಿ ಚೆಂಡು ಹುಡುಕಲು ಹೋದವರು ಚೆಂಡಿಲ್ಲದೆ, ಆದರೆ ಬರಿಗೈಯಲ್ಲಂತೂ ಅಲ್ಲ, ಕಾಲಿಗೆ ನಾಲ್ಕು ಇಂಬಳ ಹತ್ತಿಸಿಕೊಂಡು ಬರುತ್ತಾರೆ. ಆ ನಾಲ್ಕನ್ನೂ ಕಂಪ್ಲೇಂಟ್ ಬುಕ್ಕಿನಲ್ಲಿ ನನ್ನ ಲೆಕ್ಕಕ್ಕೆ ಬರೆಯುತ್ತಾರೆ.

ಇಂಥದ್ದೇ ಒಂದು ಆಗಸ್ಟಿನಲ್ಲಿ ಸೆಕ್ರೆಟರಿ ಉತ್ಸಾಹದಿಂದ ಒಂದು ಸ್ಟಿಂಪ್‌ಮೀಟರ್ ತರಿಸಿದರು. 1935ರಲ್ಲಿ ಅಮೆರಿಕದ ಎಡ್ವರ್ಡ್ ಸ್ಟಿಂಪ್‌ಸನ್ ಎಂಬವರು ಗ್ರೀನಿನ ವೇಗ ಅಳೆಯಲು ಕಂಡುಹಿಡಿದ ಕೋಲಿನ ವಂಶಜ ಅದು. ಈಗಿನದು ಮೂರಡಿ ಉದ್ದದ ಅಲ್ಯೂಮಿನಿಯಂ ಪಟ್ಟಿ. ಚೆಂಡನ್ನು ಅದರ ಮೇಲಿನ ಕಚ್ಚಿನಲ್ಲಿಟ್ಟು ಒಂದು ತುದಿ ಮೆಲ್ಲಗೆ ಎತ್ತುತ್ತಾ ಹೋದರೆ ಚೆಂಡು ತಾನೇ ಜಾರಿ, ಗ್ರೀನಿನ ಮೇಲೆ ಎಷ್ಟು ಅಡಿ ಉರುಳುತ್ತದೋ ಅದೇ ವೇಗ. ದೊಡ್ಡ ಪಂದ್ಯಗಳಲ್ಲಿ ಹನ್ನೆರಡು ಅಡಿ ದಾಟುತ್ತದೆ. ನಾವು ನಾಲ್ಕು ಜನ ಕೊಡೆ ಹಿಡಿದು ಸುತ್ತ ನಿಂತೆವು. ಚೆಂಡು ಇಳಿಯಿತು, ನಾಲ್ಕಡಿ ಹೋಯಿತು, ಸ್ವಲ್ಪ ಯೋಚಿಸಿ ನಿಂತಿತು. ಮೇಸ್ತ್ರಿ ಮಾತಾಡಲಿಲ್ಲ. ಚಪ್ಪಲಿ ಬಿಟ್ಟು, ಬರಿಗಾಲಿನ ಹೆಬ್ಬೆರಳಿನಿಂದ ಹುಲ್ಲನ್ನು ಒತ್ತಿ, ಬೆರಳ ಸುತ್ತ ಜಿನುಗಿದ ನೀರು ನೋಡಿ, "ಇದುಕ್ಕೆ ಓಡೋ ಶಕ್ತಿ ಇಲ್ಲ ಸಾರ್, ಬಾಣಂತಿ ಇದ್ದಂಗಿದೆ. ಒಂದು ತಿಂಗಳು ಬಿಟ್ಬಿಡಿ" ಎಂದ. ಕಮಿಟಿ ಒಂದು ದಿನವೂ ಬಿಡಲು ಒಪ್ಪಲಿಲ್ಲ. ಗಾಲ್ಫಿನ ತವರಾದ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸಿಗೇ ಭಾನುವಾರ ರಜೆ, ನಮಗೆ ಸೋಮವಾರವಾದರೂ ಇರಲಿ ಎಂದೆ. ಭಾನುವಾರ ಸೋತವರು ಸೇಡು ತೀರಿಸಿಕೊಳ್ಳುವುದು ಸೋಮವಾರವೇ ಎಂಬ ಕಾರಣಕ್ಕೆ ಅದೂ ಬಿದ್ದುಹೋಯಿತು.

ಮಳೆ ಬಿಟ್ಟಿತು ಎನ್ನುವಾಗ ಕಾಡುಹಂದಿ. ಒದ್ದೆ ನೆಲದಡಿ ಗೊಣ್ಣೆಹುಳು ಕೊಬ್ಬಿರುತ್ತವೆ, ಅದರ ವಾಸನೆ ಹಂದಿಗೆ ಗೊತ್ತು. ಒಂದು ಬೆಳಿಗ್ಗೆ ಆರನೇ ಫೇರ್‌ವೇ ನಾಟಿಗೆ ಸಿದ್ಧವಾದ ಗದ್ದೆಯ ಹಾಗಿತ್ತು. ಅಷ್ಟು ನೇರ ಸಾಲು ನಮ್ಮ ಟ್ರಾಕ್ಟರ್ ಡ್ರೈವರ್ ಕೂಡ ಹೊಡೆಯುವುದಿಲ್ಲ. ಊರ ಕ್ರಮದಂತೆ ಸಲೂನಿನಿಂದ ಎರಡು ಚೀಲ ಕೂದಲು ತಂದು ಹರಡಿಸಿದೆ. ಹಗ್ಗ ಕಟ್ಟಿ ಹಳೇ ಸೀರೆ ಇಳಿಬಿಟ್ಟೆ. ಹಂದಿ ಎರಡು ದಿನ ಬರಲಿಲ್ಲ. ಬೆಂಗಳೂರಿನಿಂದ ಬಂದ ಅತಿಥಿ ತಂಡ ಮಾತ್ರ ಬಂದು, ಕ್ಲಬ್ಬಿನಲ್ಲಿ ಮದುವೆಯೇ ಎಂದು ಕೇಳಿತು.

ಅಕ್ಟೋಬರಿನಲ್ಲಿ ಬಿಸಿಲು ಬಂದು ಗ್ರೀನ್ ಕಣ್ಣು ಬಿಡುತ್ತದೆ. ಆಗಲೇ ಅದಕ್ಕೆ ತೂತು ಹೊಡೆಯಬೇಕು. ಮಳೆಗೆ, ಕಾಲ್ತುಳಿತಕ್ಕೆ ಗಟ್ಟಿಯಾದ ಮಣ್ಣಿನಿಂದ ಬೆರಳುಗಾತ್ರದ ತುಂಡುಗಳನ್ನು ಕಿತ್ತು, ಆ ತೂತುಗಳಿಗೆ ಮರಳು ತುಂಬಿದರೆ ಬೇರಿಗೆ ಉಸಿರು. ಇದನ್ನು ಎಷ್ಟು ವಿವರಿಸಿದರೂ ಮೆಂಬರ್‌ಗಳಿಗೆ ಹಿಡಿಸದು. "ಒಂಬತ್ತು ತೂತಿಗೆ ಚಂದಾ ಕಟ್ಟಿದ್ದೀವಿ, ಒಂಬತ್ತು ಸಾವಿರ ಮಾಡಿಟ್ಟಿದ್ದೀರಲ್ಲ" ಎಂದರು ಕರ್ನಲ್. ಮರಳಿನ ವಿಷಯ ಮಾತ್ರ ಕೇಳಬೇಡಿ. ನಮ್ಮ ಬಂಕರುಗಳಲ್ಲಿ ಮರಳು ಪ್ರತಿ ವರ್ಷ ಕಮ್ಮಿಯಾಗುತ್ತಿದೆ, ಆಸುಪಾಸಿನಲ್ಲಿ ಮನೆಗಳು ಪ್ರತಿ ವರ್ಷ ಹೆಚ್ಚಾಗುತ್ತಿವೆ. ನಾನು ಯಾರ ಮೇಲೂ ಹೇಳುವವನಲ್ಲ.

ಡಿಸೆಂಬರ್ ಚೆಂದ. ಸೂರ್ಯ ಏಳುವ ಮುಂಚೆ ಇಬ್ಬನಿಗೆ ಗ್ರೀನ್ ಬೆಳ್ಳಿ ತಟ್ಟೆಯಾಗಿರುತ್ತದೆ. ಮೇಸ್ತ್ರಿ ಉದ್ದನೆಯ ಬಿದಿರು ಗಳ ಹಿಡಿದು ನಡುವೆ ನಿಂತು ಅತ್ತಿತ್ತ ಬೀಸುತ್ತಾನೆ. ಬೀಸಿದಲ್ಲೆಲ್ಲ ಹನಿ ಉದುರಿ ಕಡು ಹಸಿರಿನ ಅರ್ಧಚಂದ್ರಗಳು ಮೂಡುತ್ತಾ ಬರುತ್ತವೆ. ಇಬ್ಬನಿ ಕೂತೇ ಇದ್ದರೆ ಬೂಷ್ಟಿನ ರೋಗ. ಆದರೆ ಗಳ ಹಿಡಿಯಲು ಮೇಸ್ತ್ರಿಯೊಬ್ಬನೇ. ಮಿಕ್ಕ ಆಳುಗಳೆಲ್ಲ ಹಣ್ಣು ಕುಯ್ಲಿಗೆ ಹೋಗಿರುತ್ತಾರೆ, ಕೆಜಿ ಲೆಕ್ಕದಲ್ಲಿ ದುಪ್ಪಟ್ಟು ಸಿಗುತ್ತದೆ. ಕ್ಲಬ್ಬಿನ ಆಳುಗಳನ್ನು ಹೀಗೆ ಸೆಳೆದುಕೊಳ್ಳುವ ಬೆಳೆಗಾರರ ಮೇಲೆ ಕ್ರಮ ಆಗಬೇಕೆಂದು ಸಭೆಯಲ್ಲಿ ನಾನೇ ಗುಡುಗಿದೆ. ಸೆಕ್ರೆಟರಿ ಮೆಲ್ಲಗೆ ನನ್ನ ಕಿವಿಯಲ್ಲಿ, "ಅವರೆಲ್ಲ ನಿಮ್ಮ ತೋಟದಲ್ಲೇ ಇದ್ದಾರೆ ಸಾರ್" ಎಂದರು.

ಬೇಸಿಗೆಯಲ್ಲಿ ಕೆರೆಯ ನೀರು ಗ್ರೀನಿಗಷ್ಟೇ ಸಾಲುತ್ತದೆ. ಫೇರ್‌ವೇ ಒಣಗಿ ಸಿಮೆಂಟಾಗಿ, ಚೆಂಡು ಬಿದ್ದ ಮೇಲೂ ಅರ್ಧ ಫರ್ಲಾಂಗು ಓಡುತ್ತದೆ. ವಯಸ್ಸಾದ ಮೆಂಬರ್‌ಗಳು ತಮ್ಮ ಆಟ ಸುಧಾರಿಸಿದೆ ಎಂದು ಹೊಸ ಕ್ಲಬ್ಬು ಕೊಳ್ಳುವುದು ಆಗಲೇ. ವರ್ಷದಲ್ಲಿ ಕಂಪ್ಲೇಂಟ್ ಬುಕ್ ಖಾಲಿ ಇರುವ ತಿಂಗಳು ಅದೊಂದೇ.

ಕಳೆದ ಗೌರಿ ಹಬ್ಬದ ಸಂಜೆ ಹೆಂಡತಿ ಹೇಳಿದಳು, "ರೀ, ನಾಳೆ ಗಣಪತಿಗೆ ಗರಿಕೆ ಬೇಕು. ಅಷ್ಟೊಂದು ದುಡ್ಡು ಸುರಿದು ಬೆಳೆಸಿದ್ದೀರಲ್ಲ, ಒಂದು ಹಿಡಿ ತನ್ನಿ." ಹೆಮ್ಮೆಯಿಂದ ಬುಟ್ಟಿ ಹಿಡಿದು ಹೋದೆ. ಒಂದು, ಎರಡು, ಮೂರು ಎಂದು ಒಂಬತ್ತೂ ಗ್ರೀನ್ ಸುತ್ತಿದೆ. ಐದು ಮಿಲಿಮೀಟರ್ ಹುಲ್ಲಿನಲ್ಲಿ ಮೂರೆಸಳಿನ ಕುಡಿ ಎಲ್ಲಿಂದ ಬರಬೇಕು? ಉಗುರಿಗೂ ಸಿಗುವುದಿಲ್ಲ. ಮಂಡಿಯೂರಿ ಕೂತಿದ್ದ ನನ್ನನ್ನು ಕಂಡು ಮೇಸ್ತ್ರಿ ಕೊಡೆ ಹಿಡಿದುಕೊಂಡೇ ಬಂದ.

"ಇಲ್ಲಿ ಯಾಕೆ ಸಾರ್ ಹುಡುಕ್ತೀರಿ? ನಿಮ್ಮ ಮನೆ ಅಂಗಳದ ಕಲ್ಲು ಸಂದೀಲೇ ಮೊಳದುದ್ದ ಬೆಳ್ದೈತಲ್ಲ."

ನಾಲ್ಕು ವರ್ಷದಿಂದ ಅಂಗಳದ ಕಡೆ ನಾನು ತಿರುಗಿ ನೋಡಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ಗುದ್ದಲಿ ಬಿದ್ದಿರಲೂ ಇಲ್ಲ. ಟಾರ್ಚ್ ಹಿಡಿದು ಎಣಿಸಿ 21 ಕುಡಿ ಚಿವುಟಿದೆ. ಗೆಣ್ಣನ್ನು ಹಾಗೇ ಬಿಟ್ಟು, ಜಗಲಿಯ ಗೋಡೆಯ ಮೇಲಿನ ಅಪ್ಪನ ಫೋಟೋ ಕಡೆ ನೋಡದೆ ಒಳಗೆ ಹೋದೆ.