ನೋಟ-ಊಟ ಮೀಮಾಂಸೆ: ಮಂಗಳೂರನ್ನು ಕುರಿತ ಒಂದು ಸಭಾಷ್ಯ ಸೂತ್ರಗ್ರಂಥ

ಪೀಠಿಕೆ

ಯಾವ ಶಾಸ್ತ್ರವನ್ನೇ ಬರೆಯಹೊರಡಲಿ, ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಬೇಕೆಂಬುದು ಹಿರಿಯರ ಕಟ್ಟಳೆ: ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಅಧಿಕಾರಿ ಯಾರು? ಈ ಗ್ರಂಥದ ವಿಷಯ ಮಂಗಳೂರಿನಲ್ಲಿ ನೋಡತಕ್ಕ ಸ್ಥಳಗಳು ಹಾಗೂ ತಿನ್ನತಕ್ಕ ಪದಾರ್ಥಗಳು. ಪ್ರಯೋಜನ ತೃಪ್ತಿ. ಇವೆರಡರ ಸಂಬಂಧವೇ ವಿವಾದಾಸ್ಪದವಾದ್ದರಿಂದ ಗ್ರಂಥದ ಅಗತ್ಯ ಬಿತ್ತು. ಇನ್ನು ಅಧಿಕಾರಿ: ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದು ಬಂದು, ಬೆಳಿಗ್ಗೆ ಕಾಲು ನೆಲಕ್ಕೆ ತಾಗುತ್ತಲೇ ಬೆವತು, ‘ಎಂಥ ಸೆಕೆ ಮಾರಾಯ್ರೆ’ ಎಂಬ ಮಹಾವಾಕ್ಯವನ್ನು ಗುರುವಿನ ನೆರವಿಲ್ಲದೆ ಉಚ್ಚರಿಸಿದವನು. ಸ್ಥಳೀಯರು ಇವನನ್ನು ಘಟ್ಟದ ಮೇಲಿನವನೆಂದು ಗುರುತಿಸುತ್ತಾರೆ. ಇವನಿಗಿರುವುದು ಒಂದು ದಿನದ ರಜೆ, ಒಂದೇ ಹೊಟ್ಟೆ. ಕೈಯಲ್ಲಿರುವ ಪಟ್ಟಿಗಳು ಮಾತ್ರ ಎರಡು.

ಪೂರ್ವಪಕ್ಷ

ಪ್ರವಾಸಿ ಕರಪತ್ರಗಳನ್ನು ಬರೆಯುವವರು ಇಲ್ಲಿ ಪೂರ್ವಪಕ್ಷಿಗಳು. ಅವರ ಮತದಲ್ಲಿ ನೋಟವೇ ಪ್ರಧಾನ, ಊಟ ಅದರ ಅಂಗಮಾತ್ರ. ‘ಕದ್ರಿ, ಸುಲ್ತಾನ್ ಬತ್ತೇರಿ, ಸಂತ ಅಲೋಶಿಯಸ್ ಚಾಪೆಲ್, ಪಣಂಬೂರು’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿ, ಕೊನೆಯ ಪುಟದ ಕೊನೆಯ ಸಾಲಿನಲ್ಲಿ ‘ಇಲ್ಲಿನ ಮೀನಿನ ಖಾದ್ಯಗಳೂ ಪ್ರಸಿದ್ಧ’ ಎಂದು ಸಣ್ಣಕ್ಷರದಲ್ಲಿ ಮುಗಿಸುತ್ತಾರೆ. ಆ ‘ಊ’ ಪ್ರತ್ಯಯದಲ್ಲಿ ಅಡಗಿರುವ ಉದಾಸೀನವನ್ನು ಖಂಡಿಸುವುದಕ್ಕಾಗಿ ಮುಂದಿನ ಸೂತ್ರಗಳು.

ಸೂತ್ರ 1: ನೋಟವೆಂಬುದು ಎರಡು ಊಟಗಳ ನಡುವಣ ಅಂತರ.

ಭಾಷ್ಯ: ಭೂಗೋಳವೇ ಪ್ರಮಾಣ. ಮಂಗಳೂರಿನ ನೋಡತಕ್ಕ ಸ್ಥಳಗಳು ಒಂದೋ ಗುಡ್ಡದ ಮೇಲಿವೆ, ಇಲ್ಲವೇ ಹೊಳೆಯಾಚೆಗಿವೆ. ತಿನ್ನತಕ್ಕ ಸ್ಥಳಗಳೋ ಹಂಪನಕಟ್ಟೆ, ರಥಬೀದಿ, ಬಂದರಿನಂಥ ತಗ್ಗಿನಲ್ಲಿ ಒತ್ತೊತ್ತಾಗಿವೆ. ಹತ್ತಿದವನಿಗೆ ಹಸಿವಾಗಬೇಕು, ಹಸಿದವನು ಇಳಿಯಬೇಕು. ಇಂಥ ಏರ್ಪಾಡು ಕಾಕತಾಳೀಯವೆನ್ನಲು ಬುದ್ಧಿ ಒಪ್ಪುವುದಿಲ್ಲ.

ಕದ್ರಿಯನ್ನೇ ತೆಗೆದುಕೊಳ್ಳಿ. ಮಂಜುನಾಥ ದೇವಸ್ಥಾನದಲ್ಲಿ ಆಳುಪ ದೊರೆ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಅದು ಬೌದ್ಧರದೋ ನಾಥಪಂಥದವರದೋ ಎಂದು ವಿದ್ವಾಂಸರು ಬಹುಕಾಲದಿಂದ ಚರ್ಚಿಸುತ್ತಿದ್ದಾರೆ. ಆದರೆ ಆ ವಿದ್ವಾಂಸರು ಚರ್ಚೆಗೆ ಮುನ್ನ ಎಲ್ಲಿ ತಿಂಡಿ ತಿಂದರೆಂಬುದನ್ನು ಒಬ್ಬರೂ ದಾಖಲಿಸಿಲ್ಲ. ಪರಂಪರೆಯ ಸಂಶೋಧನೆಯಲ್ಲಿ ಇದೊಂದು ದೊಡ್ಡ ಲೋಪ. ದೇವಸ್ಥಾನದ ಹಿಂದಿನ ಮೆಟ್ಟಿಲು ಹತ್ತಿ ಜೋಗಿ ಮಠದವರೆಗೆ ಹೋಗಿ ಬಂದವನಿಗೆ, ಬೆಳಿಗ್ಗೆ ತಿಂದ ಸಜ್ಜಿಗೆ-ಬಜಿಲ್ ಪೂರ್ವಜನ್ಮದ ಸ್ಮರಣೆಯಾಗಿ ಮಾತ್ರ ಉಳಿದಿರುತ್ತದೆ. ಪರಂಪರೆಯ ಸಂಶೋಧನೆಯಲ್ಲಿ ಇದೊಂದು ದೊಡ್ಡ ಲೋಪ.

ಬೋಳೂರಿನ ಸುಲ್ತಾನ್ ಬತ್ತೇರಿಯೂ ಇದಕ್ಕೆ ಸಾಕ್ಷಿ. ಗುರುಪುರ ಹೊಳೆಯೊಳಗೆ ಯುದ್ಧನೌಕೆಗಳು ನುಗ್ಗದಿರಲೆಂದು ಟಿಪ್ಪು ಸುಲ್ತಾನ 1784ರಲ್ಲಿ ಕಪ್ಪುಕಲ್ಲಿನಲ್ಲಿ ಕಟ್ಟಿಸಿದ ಕಾವಲುಕೋಟೆ ಅದು. ಬಂದೂಕಿನ ಕಿಂಡಿಗಳು ಈಗಲೂ ಹೊಳೆಯತ್ತ ಗುರಿಯಿಟ್ಟಿವೆ. ಆದರೆ ಅವುಗಳ ಕಣ್ಣಿಗೆ ಬೀಳುವುದು ತಣ್ಣೀರುಬಾವಿ ಕಡಲತೀರಕ್ಕೆ ದಾಟುವ ದೋಣಿಯಲ್ಲಿ ನಿಂತ, ಚರ್ಮುರಿಯ ಆಸೆ ಹೊತ್ತ ಕುಟುಂಬಗಳು. ಚರ್ಮುರಿಯ ಲಕ್ಷಣ: ಮಂಡಕ್ಕಿ, ಈರುಳ್ಳಿ, ಟೊಮೆಟೊ, ಮಾವಿನಕಾಯಿ ತುರಿ, ಖಾರದಪುಡಿ, ತೆಂಗಿನೆಣ್ಣೆ. ಕಡಲತೀರದಲ್ಲಿ ತಿಂದರೆ ಗಾಳಿ ತರುವ ಮರಳು ಏಳನೆಯ ದ್ರವ್ಯವಾಗಿ ಸೇರುತ್ತದೆ. ಅದಕ್ಕೆ ಬೇರೆ ದರವಿಲ್ಲ.

ಸೂತ್ರ 2: ಆರುವ ಮುನ್ನ.

ಭಾಷ್ಯ: ಇಷ್ಟು ಚಿಕ್ಕ ಸೂತ್ರಕ್ಕೆ ಎರಡು ಉದಾಹರಣೆ ಬೇಕು. ಮೊದಲನೆಯದು ಬಾವುಟಗುಡ್ಡೆಯ ಚಾಪೆಲ್. ಇಟಲಿಯ ಬೆರ್ಗಾಮೊ ಕಡೆಯ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಅದರ ಗೋಡೆ-ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಕೆಲವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು, ಉಳಿದವು ಫ್ರೆಸ್ಕೊ. ಫ್ರೆಸ್ಕೊದ ನಿಯಮ ಕಠಿಣ: ಗೋಡೆಯ ಸುಣ್ಣದ ಗಾರೆ ಹಸಿಯಿರುವಾಗಲೇ ಬಣ್ಣ ಬೀಳಬೇಕು. ಆಗ ಬಣ್ಣ ಗಾರೆಯೊಂದಿಗೇ ಗಟ್ಟಿಯಾಗಿ ಗೋಡೆಯ ಭಾಗವೇ ಆಗುತ್ತದೆ. ಗಾರೆ ಆರಿದ ಮೇಲೆ ಬಂದ ಕಲಾವಿದ ಎಷ್ಟೇ ದೊಡ್ಡವನಾದರೂ ತಡವಾಗಿ ಬಂದವನೇ.

ಎರಡನೆಯದು ಗೋಳಿಬಜೆ. ಮೈದಾ ಮತ್ತು ಹುಳಿಮೊಸರು ಕಲಸಿ, ಹಸಿಮೆಣಸು, ಶುಂಠಿ, ಕೊಬ್ಬರಿ ಚೂರು ಹಾಕಿ, ಎಣ್ಣೆಗೆ ಬಿಟ್ಟ ಉಂಡೆ. ಬಾಣಲೆಯಿಂದ ಎತ್ತಿ ತಟ್ಟೆಗೆ ಬಿದ್ದಾಗ ಹೊರಗೆ ಗರಿ, ಒಳಗೆ ಅರಳೆ. ಕೆಲವು ನಿಮಿಷ ಕಳೆದರೆ ಗರಿಯೂ ಇಲ್ಲ, ಅರಳೆಯೂ ಇಲ್ಲ. ಉಳಿಯುವುದು ಎಣ್ಣೆ ಮತ್ತು ಪಶ್ಚಾತ್ತಾಪ. ಆದ್ದರಿಂದ ಚಾಪೆಲ್ಲಿನಲ್ಲಿ ನಿಂತು ಕತ್ತೆತ್ತಿ ನೋಡುವವನು ಆತುರಪಡಬೇಕಾಗಿಲ್ಲ, ಅಲ್ಲಿ ಬೇಗ ಮಾಡಬೇಕಾದ್ದನ್ನು ಮೊಸ್ಕೇನಿ ಮಾಡಿ ಮುಗಿಸಿದ್ದಾರೆ. ಆತುರವೆಲ್ಲ ಗುಡ್ಡದ ಕೆಳಗೆ.

ಸೂತ್ರ 3: ಪ್ರಮಾಣಗಳು ಮೂರು.

ಭಾಷ್ಯ: ಒಳ್ಳೆಯ ಹೋಟೆಲನ್ನು ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರು ದಾರಿಗಳಿಂದ ತಿಳಿಯತಕ್ಕದ್ದು.

ಅನುಮಾನ: ‘ಎಲ್ಲೆಲ್ಲಿ ರಿಕ್ಷಾಗಳ ಸಾಲೋ ಅಲ್ಲಲ್ಲಿ ಒಳ್ಳೆಯ ಊಟ.’ ವ್ಯಾಪ್ತಿ ಬಲವಾಗಿ ತೋರಿದರೂ ಇಲ್ಲೊಂದು ಉಪಾಧಿ ಇದೆ: ಹೊತ್ತು ಮಧ್ಯಾಹ್ನದ್ದಾಗಿರಬೇಕು, ರಿಕ್ಷಾದೊಳಗೆ ಚಾಲಕ ಇರಬಾರದು. ಚಾಲಕ ಒಳಗೇ ಕೂತಿದ್ದರೆ ಅದು ಬರೀ ರಿಕ್ಷಾ ಸ್ಟ್ಯಾಂಡು. ಅಲ್ಲಿ ಊಟವನ್ನು ಊಹಿಸುವುದು ಹೇತ್ವಾಭಾಸ.

ಶಬ್ದ: ಊರಿನ ನೆಂಟರ ಮಾತು. ಇವರು ಯಾವ ಹೋಟೆಲಿನ ಹೆಸರೆತ್ತಿದರೂ ‘ಮೊದಲಿನ ಹಾಗಿಲ್ಲ’ ಎನ್ನುತ್ತಾರೆ, ಮರುವಾರ ಅಲ್ಲೇ ಸಿಗುತ್ತಾರೆ. ಆದ್ದರಿಂದ ನೆಂಟರ ಮಾತಿಗಿಂತ ಅವರ ನಡೆಯೇ ಆಪ್ತವಾಕ್ಯ.

ಪ್ರತ್ಯಕ್ಷ: ಬಂದರಿನ ಹೋಟೆಲ್ ನಾರಾಯಣ, ರಥಬೀದಿ ಬಳಿಯ ಗಿರಿಮಂಜಾಸ್ ಮೊದಲಾದ ಮೀನಿನೂಟದ ತಾಣಗಳಲ್ಲಿ ಇದಕ್ಕೆ ಅಗ್ರಸ್ಥಾನ. ಇಲ್ಲಿ ಮೆನು ಓದುವವನು ಪಾಮರ. ಮಸಾಲೆಯಲ್ಲಿ ಕೆಂಪಗಾದ ಮೀನನ್ನೇ ಎದುರಿಗೆ ಹಿಡಿದು ‘ಯಾವುದು?’ ಎಂದಾಗ ಬೆರಳು ತೋರುವವನೇ ಜ್ಞಾನಿ.

ಸೂತ್ರ 4: ಭೇದವು ಸತ್ಯ.

ಭಾಷ್ಯ: ಉಡುಪಿ ಇಲ್ಲಿಂದ ದೂರವಿಲ್ಲ, ದ್ವೈತದ ನೆರೆಯಲ್ಲಿ ಕೂತು ಎಲ್ಲ ಒಂದೇ ಎನ್ನುವುದು ಸಾಹಸದ ಮಾತು. ಮೀನಿನ ಹೋಟೆಲಿನಲ್ಲಿಯೂ ಭೇದಗಳು ಐದು. ಯಜಮಾನನಿಗೂ ಗಿರಾಕಿಗೂ ಭೇದ: ಗಲ್ಲಾದ ಹಿಂದೆ ಕೂತವನೊಬ್ಬನೇ ಸ್ವತಂತ್ರ, ಉಳಿದವರೆಲ್ಲ ಪರತಂತ್ರರು. ಗಿರಾಕಿಗೂ ಗಿರಾಕಿಗೂ ಭೇದ: ಅಂಜಲಿನ ನಡುತುಂಡು ದಿನಾ ಬರುವವರಿಗೆ, ಬಾಲದ ತುಂಡು ಘಟ್ಟದ ಮೇಲಿನವರಿಗೆ. ಮೀನಿಗೂ ಯಜಮಾನನಿಗೂ ಭೇದ: ದರ ಕೇಳಿದಾಗ ಒಂದು ಮೌನವಾಗಿರುತ್ತದೆ, ಇನ್ನೊಬ್ಬ ‘ಇವತ್ತು ಬರಗಾಲ’ ಎನ್ನುತ್ತಾನೆ. ಮೀನಿಗೂ ಗಿರಾಕಿಗೂ ಭೇದ: ಬೂತಾಯಿಯ ಸಣ್ಣ ಮುಳ್ಳು ಗಂಟಲಿಗೆ ಸಿಕ್ಕಿದಾಗ ಇದು ಸ್ಪಷ್ಟವಾಗುತ್ತದೆ. ಮೀನಿಗೂ ಮೀನಿಗೂ ಭೇದ: ಕಾಣೆಗೆ ರವೆಯ ಹೊದಿಕೆ, ಬಂಗುಡೆಗೆ ಪುಳಿಮುಂಚಿ, ಮರುವಾಯಿಗೆ ತೆಂಗಿನ ತುರಿಯ ಸುಕ್ಕ. ಇವನ್ನು ಅದಲುಬದಲು ಮಾಡುವವನ ಜೊತೆ ವಾದವೇ ಬೇಡ.

ಸೂತ್ರ 5: ಗಡ್‌ಬಡ್‌ನಲ್ಲಿ ಉತ್ಖನನವೇ ವಿಧಿ.

ಭಾಷ್ಯ: ಪಣಂಬೂರಿನ ನವಮಂಗಳೂರು ಬಂದರು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು 1974ರ ಮೇ 4ರಂದು ಘೋಷಿತವಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ಅದೇ 1975ರ ಮೇ ತಿಂಗಳಲ್ಲಿ ಐಡಿಯಲ್ ಐಸ್‌ಕ್ರೀಂ ಅಂಗಡಿಯೂ ಬಾಗಿಲು ತೆರೆಯಿತು. ಇತಿಹಾಸಕಾರರು ಮೊದಲನೆಯದನ್ನೇ ಬರೆದುಕೊಂಡರು. ಬಂದರಿನೊಳಗೆ ಹೋಗಲು ಅಪ್ಪಣೆ ಬೇಕು, ಐಡಿಯಲ್ಲಿಗೆ ಹೋಗಲು ಬೇಕಾದ್ದು ಜಾಗ ಖಾಲಿಯಾಗುವತನಕ ಕಾಯುವ ಸಹನೆ. ಇವೆರಡರಲ್ಲಿ ಜನಜೀವನಕ್ಕೆ ಹತ್ತಿರವಾದದ್ದು ಯಾವುದೆಂದು ಬಿಡಿಸಿ ಹೇಳಬೇಕಿಲ್ಲ.

ಎತ್ತರದ ಗಾಜಿನ ಲೋಟದಲ್ಲಿ ಬರುವ ಗಡ್‌ಬಡ್ ಪುರಾತತ್ತ್ವದ ಪಾಠ. ಬೇರೆ ಬೇರೆ ಬಣ್ಣದ ಐಸ್‌ಕ್ರೀಂ ಪದರಗಳು, ಅವುಗಳ ನಡುವೆ ಹಣ್ಣಿನ ಚೂರು, ಗೋಡಂಬಿ, ಜೆಲ್ಲಿ. ಉದ್ದ ಚಮಚವನ್ನು ಲಂಬವಾಗಿ ಇಳಿಸಿ ಪದರ ಕೆಡದಂತೆ ತಳ ಮುಟ್ಟುವುದು ವೈಜ್ಞಾನಿಕ ಕ್ರಮ. ಎಲ್ಲವನ್ನೂ ಕಲಸಿ ಕುಡಿಯುವವನು ನಿಧಿಗಳ್ಳ. ಇದರ ಜನ್ಮಸ್ಥಳದ ಬಗ್ಗೆ ಉಡುಪಿಯ ಡಯಾನಾ ಹೋಟೆಲಿನ ಪರವಾಗಿಯೂ ವಾದವಿದೆ. ಎರಡೂ ಊರುಗಳಲ್ಲಿ ಸ್ಥಳಪರಿಶೀಲನೆ ಮಾಡದೆ ತೀರ್ಪು ಕೊಡುವುದು ನ್ಯಾಯವಲ್ಲ. ಮಾಡಿದ ಮೇಲೂ ಇನ್ನೊಮ್ಮೆ ಮಾಡುವುದು ಕ್ಷೇಮ.

ಸೂತ್ರ 6: ಮಳೆಯಲ್ಲಿ ಅಪವಾದ.

ಭಾಷ್ಯ: ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ; ಮೀನು ಮರಿಮಾಡುವ ಕಾಲ. ಸಮುದ್ರತೀರಕ್ಕೂ ಹೋಗುವ ಹಾಗಿಲ್ಲ, ಅಲೆಗಳು ಕೆರಳಿರುತ್ತವೆ. ನೋಟವೂ ಹೋಯಿತು, ಊಟವೂ ಹೋಯಿತೆಂದು ಪೂರ್ವಪಕ್ಷಿ ಹಿಗ್ಗುತ್ತಾನೆ. ಆದರೆ ಆಟಿ ತಿಂಗಳ ಅಡುಗೆಮನೆ ಅವನಿಗೆ ತಿಳಿಯದು. ಕೆಸುವಿನೆಲೆಗೆ ಅಕ್ಕಿಹಿಟ್ಟು-ಮಸಾಲೆ ಸವರಿ ಸುರುಳಿ ಸುತ್ತಿದ ಪತ್ರೊಡೆ, ಕಣಿಲೆಯ ಗಸಿ, ಹಲಸಿನ ಹಣ್ಣಿನ ಗಟ್ಟಿ, ಬೇಸಗೆಯಲ್ಲಿ ಒಣಗಿಸಿಟ್ಟ ಮೀನಿನ ಚಟ್ನಿ. ಕಡಲು ಬಾಗಿಲು ಹಾಕಿದಾಗ ಹಿತ್ತಿಲು ತೆರೆಯುತ್ತದೆ.

ಸಿದ್ಧಾಂತ

ಹಾಗಾದರೆ ಊಟವೇ ಪ್ರಧಾನ, ನೋಟ ಅಂಗವೇ? ಅಷ್ಟು ಹೇಳಿ ನಿಲ್ಲಿಸಿದರೆ ಶಾಸ್ತ್ರ ಅಪೂರ್ಣ. ಊಟದೊಳಗೇ ನೋಟವೂ ಅಡಗಿದೆ, ಅದಕ್ಕೆ ಇತಿಹಾಸವೇ ಸಾಕ್ಷಿ.

12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಷಿಯ ಮೂಲದ ಯಹೂದಿ ವರ್ತಕ ಸುಮಾರು 17 ವರ್ಷ ಈ ಕರಾವಳಿಯಲ್ಲಿದ್ದ. ಅವನ ಪತ್ರಗಳು ಕೈರೋದ ಹಳೆಯ ಯಹೂದಿ ಪ್ರಾರ್ಥನಾಲಯದಲ್ಲಿ ಉಳಿದು ಬಂದಿವೆ. ಇಲ್ಲಿಂದ ಅವನು ಕಳಿಸಿದ್ದು ಕಾಳುಮೆಣಸು, ಅಡಿಕೆ, ಕಬ್ಬಿಣ. ಏಡನ್ನಿನ ಗೆಳೆಯರು ಅವನಿಗೆ ಕಳಿಸಿದ್ದು ಸಕ್ಕರೆ, ಒಣದ್ರಾಕ್ಷಿ, ಕಾಗದ. ಪಾಪ, ಅಷ್ಟು ವರ್ಷ ಇದ್ದರೂ ಕೆಂಪು ಪುಳಿಮುಂಚಿಯ ರುಚಿ ಅವನಿಗೆ ದಕ್ಕಲಿಲ್ಲ. ಒಣಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಹಡಗುಗಳು ಅದನ್ನು ಇತ್ತ ತರುವಷ್ಟರಲ್ಲಿ ಅವನು ಕಾಲವಾಗಿ ಶತಮಾನಗಳೇ ಕಳೆದಿದ್ದವು. ಗಡ್‌ಬಡ್‌ನ ಗೋಡಂಬಿ ಬ್ರೆಜಿಲಿನಿಂದ ಬಂದದ್ದೂ ಅದೇ ದಾರಿಯಲ್ಲಿ. ಇಂದು ಬಂಗುಡೆಗೆ ಮೆತ್ತುವ ಬ್ಯಾಡಗಿ ಮೆಣಸು ಹಾವೇರಿ ಸೀಮೆಯಿಂದ ಘಟ್ಟ ಇಳಿದು ಬರುತ್ತದೆ. ಹಳೆಯ ಹೋಟೆಲಿನ ಮಾಡು ನೋಡಿದರೆ, ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪಿನಲ್ಲಿ ಆರಂಭಿಸಿದ ಕಾರ್ಖಾನೆಯ ಹಂಚಿನ ವಂಶ ಅಲ್ಲಿ ಮಲಗಿದೆ. ಕೋಟೆಯ ಕಿಂಡಿಯಲ್ಲಿ ಇಣುಕಿದವನಿಗೆ ಬರದ ಹಡಗುಗಳು ತಟ್ಟೆಗೆ ಇಣುಕಿದವನಿಗೆ ಸಾಲಾಗಿ ಕಾಣುತ್ತವೆ.

ಪ್ರಧಾನ-ಅಂಗ ವಿವಾದ ಮುಗಿಯಬೇಕಾದರೆ ನಸುಕಿನಲ್ಲಿ ಹಳೆ ಬಂದರಿನ ದಕ್ಕೆಗೆ ಹೋಗಬೇಕು. ಯಾವ ಕರಪತ್ರದ ದಪ್ಪಕ್ಷರದಲ್ಲೂ ಅದಿಲ್ಲ. ಅಳಿವೆ ದಾಟಿ ಬಂದ ಬೋಟುಗಳಿಂದ ಬುಟ್ಟಿಗಳು ಇಳಿಯುತ್ತವೆ, ಮಂಜುಗಡ್ಡೆ ಪುಡಿಯಾಗುತ್ತದೆ, ಹರಾಜಿನವರು ತುಳುವಿನಲ್ಲೂ ಬ್ಯಾರಿಯಲ್ಲೂ ದರ ಏರಿಸುತ್ತಾರೆ, ಮೀನುಗಾರ್ತಿಯರು ಅದನ್ನು ಅಷ್ಟೇ ಜೋರಿನಲ್ಲಿ ಇಳಿಸುತ್ತಾರೆ. ಅಲ್ಲಿ ನಿಂತವನಿಗೆ ನೋಡುವುದು ಯಾವುದು, ತಿನ್ನುವುದಕ್ಕೆ ಆರಿಸುವುದು ಯಾವುದು ಎಂದು ಬೇರ್ಪಡಿಸಲಾಗದು. ಇಷ್ಟು ಹೊತ್ತು ಭೇದ ಸಾಧಿಸಿದ ಗ್ರಂಥಕಾರನೇ ಇಲ್ಲಿ ಅಭೇದಕ್ಕೆ ಒಪ್ಪುತ್ತಾನೆ, ಉಡುಪಿಯವರ ಕ್ಷಮೆ ಕೋರಿ.

ಫಲಶ್ರುತಿ

ಇದನ್ನು ಊಟಕ್ಕೆ ಮುನ್ನ ಓದಿದವನಿಗೆ ಹಸಿವು ಪ್ರಾಪ್ತಿ, ಉಂಡ ಮೇಲೆ ಓದಿದವನಿಗೆ ನಿದ್ರಾಪ್ರಾಪ್ತಿ. ಬಸ್ಸಿನಲ್ಲಿ ಓದಿದವನಿಗೆ ಶಿರಾಡಿಯ ತಿರುವುಗಳಲ್ಲಿ ಏನಾಗುವುದೋ ಅದಕ್ಕೆ ಗ್ರಂಥಕಾರ ಹೊಣೆಯಲ್ಲ. ಓದದೆಯೇ ನೇರ ಬಂದರಿಗೆ ನಡೆದವನಿಗೆ ಕಾಣೆ ಸಿಗುತ್ತದೆ. ಕೊನೆಯ ಸೂತ್ರದವರೆಗೂ ಓದುತ್ತ ಕೂತವನು ಹೋಗುವಷ್ಟರಲ್ಲಿ ಕಾಣೆ ಮುಗಿದಿರುತ್ತದೆ. ಅವನು ಬೂತಾಯಿ ತರಿಸಿಕೊಂಡು, ಮುಳ್ಳು ಬಿಡಿಸುತ್ತ, ಅದೇ ಉತ್ತಮವೆಂದು ಹೊಸ ಭಾಷ್ಯವೊಂದನ್ನು ಬರೆಯತಕ್ಕದ್ದು.